ಕಪ್ಪೆಗೆಂದು ಸಾಕಿದ ಜೀರುಂಡೆ

ಗಂಡನ ಹೆಸರು ಹೇಳಬಾರದು ಅಂತಾರೆ. ಇವತ್ತು ಹೇಳಿಯೇ ಬಿಡುತ್ತೇನೆ, ದುಂಡಪ್ಪ. ಮೀಸೆ ಮೂಡುವ ಮೊದಲೇ ಇಚಲಕರಂಜಿಯ ಮಗ್ಗದ ಶೆಡ್ಡು ಸೇರಿದ ಮನುಷ್ಯ. ಈ ವಯಸ್ಸಿನಲ್ಲಿ ಅವರಿಗೆ ಕಪ್ಪೆಯ ಹುಚ್ಚು ಹತ್ತಿತು. ಕೊಲ್ಹಾಪುರದ ಅಂಗಡಿಯಿಂದ ಎರಡು ಹಸಿರು ಕಪ್ಪೆ ತಂದು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದರು. ಸುಮ್ಮನೆ ಕೂತಿರುತ್ತವೆ, ನನಗೇನು? ಆದರೆ ಆ ಮಹಾರಾಜರು ಸತ್ತದ್ದನ್ನು ಮುಟ್ಟುವುದಿಲ್ಲ, ಜೀವಂತ ಓಡಾಡುವ ಹುಳವೇ ಬೇಕು. ಅದಕ್ಕೆ ಮನೆಯಲ್ಲೇ ಜೀರುಂಡೆ ಸಾಕಣೆ ಶುರುವಾಯಿತು.

ಅಡುಗೆಮನೆಯ ಪಕ್ಕದಲ್ಲೇ ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಹುಳ ಅಡಗಿಕೊಳ್ಳಲು ಅದರೊಳಗೆ ಕೋಳಿ ತತ್ತಿ ಜೋಡಿಸುವ ರಟ್ಟಿನ ಟ್ರೇಗಳು. ತತ್ತಿ ಎಂದೂ ಹೊಸ್ತಿಲು ದಾಟದ ಲಿಂಗಾಯತರ ಮನೆಯಿದು! ನನ್ನ ಗಜ್ಜರಿ, ನನ್ನ ಗೋಧಿ ತೌಡು ಎಲ್ಲ ಅವುಗಳ ಪಾಲು. ಗಂಡು ಹುಳಕ್ಕೆ ರೆಕ್ಕೆ ಬಲಿತರೆ ಸಾಕು, ಜಿರ್ರೆಂದು ಒದರತೊಡಗುತ್ತದೆ. ವಾರವಿಡೀ ಪಕ್ಕದ ಶೆಡ್ಡಿನ ಖಟಾಖಟಿಯಲ್ಲಿ ಅದು ಮುಚ್ಚಿಹೋಗುತ್ತದೆ. ಮಗ್ಗಕ್ಕೆ ಸೂಟಿಯಿದ್ದ ದಿನ ನನ್ನ ತಲೆ ಸಿಡಿಯುತ್ತದೆ.

"ಅವನ್ನ ಹೊರಗ ಇಡ್ರಿ" ಎಂದು ಎಷ್ಟು ಸಲ ಹೇಳಿದೆ! "ಎಲ್ಲೈತಿ ಸಪ್ಪಳಾ? ತಣ್ಣಗೈತೆಲ್ಲ ಮನಿ" ಎನ್ನುತ್ತಾರೆ. ಇದೇನು ಹೊಸತಲ್ಲ. ಗೆಳೆಯ ಯಮನಪ್ಪ ಓಣಿಯಿಂದ ಗಡಸು ದನಿಯಲ್ಲಿ ಕೂಗಿದರೆ ಒಂದೇ ಕೂಗಿಗೆ ಎದ್ದು ಹೋಗುತ್ತಾರೆ. ನಾನು ಬೆನ್ನ ಹಿಂದೆ ನಿಂತು ಅರಚಿದರೂ ತಿರುಗುವುದಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕಟ್ಟಿಕೊಂಡವಳ ಮಾತೆಂದರೆ ಅಷ್ಟು ಸಸಾರ.

ಇವತ್ತು ಸೂಟಿ. ಬೆಳಿಗ್ಗೆಯೇ ಒಂದು ಹುಳ ಡಬ್ಬಿಯಿಂದ ತಪ್ಪಿಸಿಕೊಂಡು ಎಲ್ಲೋ ಸೇರಿ ಒದರತೊಡಗಿತು. ನಾನು ಸೀರೆಗಳನ್ನು ಚೀಲಕ್ಕೆ ತುಂಬಿ ಅವರೆದುರು ನಿಂತೆ.

"ಈ ಹುಳಾ ಇರಬೇಕು, ಇಲ್ಲಾ ನಾ ಇರಬೇಕು. ಮಧ್ಯಾಹ್ನದ ಗಾಡಿಗೆ ಗಡಹಿಂಗ್ಲಜಕ್ಕ ಅಣ್ಣನ ಮನಿಗೆ ಹೊಂಟೇನಿ. ಮತ್ತ ಬರೂದಿಲ್ಲ."

"ಹುಳಾ ಇಲ್ಲಂದ್ರ ಕಪ್ಪಿ ಸಾಯ್ತಾವಲ್ಲ?"

"ಅಯ್ಯ ನನ್ನ ಶಿವನ! ಕಪ್ಪಿ ಚಿಂತಿ ಐತಿ, ನನ್ನ ಚಿಂತಿ ಇಲ್ಲ!"

"ಹಿಡೀತೇನಿ, ತಡಿ" ಎಂದು ಎದ್ದರು. ಟ್ರಂಕು ಸರಿಸಿದರು, ಹಾಸಿಗೆ ಕೊಡವಿದರು. ಸಪ್ಪಳ ಬರುತ್ತಿದ್ದುದು ಗೋಡೆಯ ಗೂಡಿನಿಂದ. ಅವರು ಹುಡುಕುತ್ತಿದ್ದುದು ಬಾಗಿಲ ಮೂಲೆಯಲ್ಲಿ. ಬೇಕಂತಲೇ ಆಟ ಆಡಿಸುತ್ತಿದ್ದಾರೆ ಎಂದು ನನ್ನ ಮೈ ಉರಿಯಿತು. ಕೊನೆಗೆ ದಣಿದು, ಆ ಗೂಡಿನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು.

"ಹೊರಗ ಹೋಗಿರಬೇಕು ಬಿಡು. ಸುಮ್ಮನಾತು ನೋಡು" ಎಂದರು.

ಅದು ಸುಮ್ಮನಾಗಿರಲಿಲ್ಲ. ಅವರ ಕಿವಿಯಿಂದ ಗೇಣು ದೂರದಲ್ಲಿ ರೆಕ್ಕೆ ಎತ್ತಿ ನಡುಗಿಸುತ್ತ, ಮನೆ ಹಾರಿಹೋಗುವ ಹಾಗೆ ಒದರುತ್ತಿತ್ತು. ನನ್ನ ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ನಾನು ನೋಡುತ್ತಿದ್ದ ಕಡೆಗೆ ಅವರೂ ತಿರುಗಿದರು. ನಡುಗುವ ರೆಕ್ಕೆ ಅವರ ಕಣ್ಣಿಗೆ ಬಿತ್ತು.

"ಈಗ ಒದರಾಕತ್ತೈತೇನ ಇದು?"

"ಹೂಂ ರೀ."

ಹುಳವನ್ನೇ ನೋಡುತ್ತ ಕೂತರು. "ಯಾವಾಗಿಂದ ಹಿಂಗ?" ಎಂದೆ. ತಿರುಗಲೇ ಇಲ್ಲ. ಎದುರಿಗೆ ಹೋಗಿ ಕೂತು ಮತ್ತೆ ಕೇಳಿದೆ.

"ಭಾಳ ವರ್ಷಾತು. ಮಗ್ಗದ ಸಪ್ಪಳದಾಗ ಹೋತು. ಸಣ್ಣ ದನಿ ಯಾವೂ ಕೇಳೂದಿಲ್ಲ, ಯಮನಪ್ಪನಂಥಾ ದಪ್ಪ ದನಿ ಅಷ್ಟ ಕೇಳತಾವ. ನಿನ್ನ ಮಾತೂ ಬಾಯಿ ನೋಡೇ ತಿಳ್ಕೋತೇನಿ."

"ಹೇಳಾಕ ಏನಾಗಿತ್ರಿ ನಿಮಗ? ಇಷ್ಟ ವರ್ಷ ನಾ ಗೋಡಿ ಜೋಡಿ ಜಗಳಾ ಮಾಡಿದ್ನೇನ?" ಸಿಟ್ಟಿನಲ್ಲೇ ಅಳು ಬಂತು.

"ಕಿವುಡನ ಹೆಂಡ್ತಿ ಅಂತಾರ ಮಂದಿ ನಿನಗ. ಅದಕ್ಕ ಹೇಳಲಿಲ್ಲ." ಆಮೇಲೆ ಹುಳದ ಕಡೆ ಬೆರಳು ತೋರಿಸಿ, "ಹೆಂಗ ಒದರತೈತಿ ಇದು? ಮಾಡಿ ತೋರಸು" ಎಂದರು.

ಯಾರಾದರೂ ಕೇಳಿಸಿಕೊಂಡರೆ ನನ್ನ ಮಾನ ಉಳಿದೀತೆ? ಆದರೂ ಅವರಿಗೆ ಬಾಯಿ ಕಾಣುವ ಹಾಗೆ ಕೂತು, ದನಿ ಆದಷ್ಟು ದಪ್ಪ ಮಾಡಿ "ಜಿರ್ರ್, ಜಿರ್ರ್" ಎಂದೆ.

"ಚಂದೈತಲ್ಲ! ಇದಕ್ಕ ಮನಿ ಬಿಟ್ಟ ಹೊಂಟಿದ್ದಿಯೇನ?" ಎಂದು ನಕ್ಕರು. "ಇನ್ನೊಮ್ಮೆ ಮಾಡು."

ಮಾಡಿದೆ.