ಹುಲಿಗೆವ್ವನ ಮೊಳ

“ಕೈ ಚಾಚ ಬೇ ಹಾದರಗಿತ್ತಿ! ನಿನ್ನ ಕೈ ಏನು ಬಂಗಾರದ್ದೇನು, ಮುಟ್ಟಿದ್ರ ಸವೀತೈತಿ?”

ಮೇಸ್ತ್ರಿ ಅಮರೇಶ್ವರ ಒದರಿದ ರಭಸಕ್ಕೆ ಹುಲಿಗೆವ್ವ ಕೈಗಾಡಿ ಬಿಟ್ಟು ನಿಂತಳು. ಗಾಡಿಯಲ್ಲಿದ್ದ ಕಲ್ಲುಗಳು ಅರ್ಧ ಉರುಳಿದವು. ಅದಕ್ಕೂ ಒಂದು ಬೈಗುಳ ಬಿತ್ತು. ಅವಳು ರವಿಕೆಯ ತೋಳು ಮೇಲೆ ಸರಿಸಿ, ಮುಖ ಆಚೆ ತಿರುಗಿಸಿ, ಬಲಗೈ ಚಾಚಿದಳು. ಅಮರೇಶ್ವರ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೇಪಲ್ ಕೋಲು ಹಿಡಿದು ಪೆನ್ಸಿಲ್‌ನಿಂದ ಗೀಟು ಹಾಕಿದ. ಟೇಪಿನಲ್ಲಿ ನೋಡಿದರೆ ಹದಿನೇಳೂಕಾಲು ಇಂಚು.

ಆ ಅಳತೆ ತೆಗೆಯಬೇಕಾಗಿದ್ದದ್ದು ಪ್ರಭಾಕರನ ಕೈಯಿಂದ. ಅಮೆರಿಕದಲ್ಲಿ, ಮಾನ್ಮತ್ ಜಂಕ್ಷನ್ ಎಂಬ ಊರಿನಿಂದ ಸ್ವಲ್ಪ ಆಚೆ, ಮೆಕ್ಕೆಜೋಳ ಬೆಳೆಯುತ್ತಿದ್ದ ಜಮೀನು ಕೊಂಡು, ಅದರಲ್ಲಿ ಹನ್ನೆರಡು ಮನೆಯ ಒಂದು ಅಗ್ರಹಾರ ಕಟ್ಟಿಸುತ್ತೇನೆ ಎಂದು ಹೊರಟವನು ಅವನು. ಎರಡು ಸಾಲು ಮನೆ, ನಡುವೆ ಬೀದಿ, ಬೀದಿಯ ತುದಿಗೆ ಗುಡಿ, ಸುತ್ತ ಕಲ್ಲಿನ ಗೋಡೆ. ಎಲ್ಲವೂ ಶಾಸ್ತ್ರದ ಪ್ರಕಾರ. ಶಾಸ್ತ್ರ ಹೇಳುವ ಬದರಿ ಜೋಯಿಸರು ವಿಡಿಯೋದಲ್ಲಿ ಕಟ್ಟಪ್ಪಣೆ ಮಾಡಿದ್ದರು: ಊರು ಅಳೆಯಬೇಕಾದದ್ದು ಯಜಮಾನನ ಮೊಳದಿಂದ, ಅಡಿ ಇಂಚಿನಿಂದಲ್ಲ.

ಅಮರೇಶ್ವರ ನಾಲ್ಕು ಸಲ ಫೋನ್ ಮಾಡಿದ್ದ. ನಾಲ್ಕನೆಯ ಸಲ ಪ್ರಭಾಕರ ಮಾರಿಸ್‌ಟೌನಿನ ಆಫೀಸಿನಿಂದ ಪಿಸುಗುಟ್ಟಿದ್ದ: “ಮೀಟಿಂಗಲ್ಲಿದೀನಿ ಕಣಯ್ಯಾ. ಯಾರ್ದಾದ್ರೂ ತಗೊ. ಆರ್ಮ್ ಈಸ್ ಆರ್ಮ್.”

ಗಂಡಸರೆಲ್ಲ ಲಾರಿಯಿಂದ ಕಲ್ಲು ಇಳಿಸುತ್ತಿದ್ದರು. ಕೈಗೆ ಸಿಕ್ಕವಳು ಹುಲಿಗೆವ್ವ.

ಆರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಕೊಪ್ಪಳ ಸೀಮೆಯ ಕಲ್ಲು ಒಡೆಯುವವರ ಮಗಳು. ಯಾರಾದರೂ ಎದುರಿಗೆ ನಿಂತು ಮಾತಾಡಿಸಿದರೆ ಅವಳ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಆದರೆ ಕಣ್ಣು ಮಾತ್ರ ಸುಮ್ಮನೆ ಕೂರುತ್ತಿರಲಿಲ್ಲ. ಯಾರು ಯಾವ ಕಾಗದವನ್ನು ಯಾವ ಜೇಬಿಗೆ ಇಟ್ಟರು, ಯಾವ ಬೀಗಕ್ಕೆ ಯಾವ ಕೀಲಿ, ಎಲ್ಲ ಅವಳಿಗೆ ಗೊತ್ತಿರುತ್ತಿತ್ತು.

ಅಮೆರಿಕದ ಕಾಗದದ ಪ್ರಕಾರ ಅವಳು ಕಲ್ಲು ಹೊರುವವಳೇ ಅಲ್ಲ. ಡೊಳ್ಳು ಬಾರಿಸುವ ಕಲಾವಿದೆ. ಅವಳ ಜೊತೆ ಬಂದ ಎಂಟು ಮಂದಿಯೂ ಕಲಾವಿದರೇ. ಅರವತ್ತು ದಾಟಿದ ಕಮಲವ್ವನನ್ನು ವೀಸಾದಲ್ಲಿ ‘ಪ್ರಧಾನ ನರ್ತಕಿ’ ಎಂದು ಬರೆಸಿದ್ದರು. ಕಮಲವ್ವನಿಗೆ ಮೊಣಕಾಲು ಮಡಿಸಲಿಕ್ಕೇ ಬರುತ್ತಿರಲಿಲ್ಲ.

ಟೌನ್‌ಶಿಪ್ಪಿನ ಯೋಜನಾ ಮಂಡಳಿ ನಕ್ಷೆಗೆ ಒಪ್ಪಿಗೆ ಕೊಡುವ ದಿನ ಪ್ರಭಾಕರ ಹುಲಿಗೆವ್ವನನ್ನೂ ಕಮಲವ್ವನನ್ನೂ ಜರಿಯಂಚಿನ ಸೀರೆ ಉಡಿಸಿ ಕರೆದುಕೊಂಡು ಹೋದ. ಮಂಡಳಿಯ ಎಂಜಿನಿಯರ್ ಕನ್ನಡಕ ಹಣೆಗೇರಿಸಿ ಕೇಳಿದ: ಬೀದಿಯ ಅಗಲ ಇಪ್ಪತ್ತೆಂಟು ಅಡಿ ಒಂಬತ್ತು ಇಂಚು ಎಂದಿದೆ, ಇದೆಂಥ ಲೆಕ್ಕ? ಇಪ್ಪತ್ತೆಂಟೂ ಅಲ್ಲ, ಮೂವತ್ತೂ ಅಲ್ಲ.

“ಏನ್ಶಿಯೆಂಟ್ ವೇದಿಕ್ ಮಾಡ್ಯೂಲ್,” ಎಂದ ಪ್ರಭಾಕರ. “ಇಪ್ಪತ್ತು ಮೊಳ. ಫೈವ್ ಥೌಸಂಡ್ ಇಯರ್ಸಿಂದ ಬಂದಿರೋದು.”

ಐದು ಸಾವಿರ ವರ್ಷದಿಂದ ಬಂದದ್ದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ತನ್ನ ಮೊಣಕೈ ಉಜ್ಜಿಕೊಳ್ಳುತ್ತ ಕೂತಿತ್ತು. ಮಂಡಳಿಯ ಅಧ್ಯಕ್ಷೆ ತಲೆದೂಗಿ ಬರೆದುಕೊಂಡಳು. ಅಗ್ನಿಶಾಮಕದವನು ಎದ್ದು, ಬೆಂಕಿಯ ಲಾರಿ ಹೋಗಲಿಕ್ಕೆ ಸಾಕು ಎಂದ. ಕೊನೆಗೆ ಪ್ರಭಾಕರ ಕಣ್ಸನ್ನೆ ಮಾಡಿದ. ಅಮರೇಶ್ವರ ಡೊಳ್ಳನ್ನು ಹುಲಿಗೆವ್ವನ ಕೊರಳಿಗೆ ಹಾಕಿ ಕಿವಿಯಲ್ಲಿ ಹೇಳಿದ: “ಬಡೀ ಬೇ. ಬಡೀದಿದ್ರ ಇವತ್ತ ವಿಮಾನ ಹತ್ತಸ್ತಾರ, ಅದೂ ಕೈಗೆ ಬೇಡಿ ಹಾಕಿ.” ಅವಳು ಬಡಿದಳು. ಕಮಲವ್ವ ಎರಡು ಹೆಜ್ಜೆ ಹಾಕಿ ಕೆಮ್ಮಿದಳು. ಮಂಡಳಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಕ್ಷೆ ಪಾಸಾಯಿತು.

ಆಮೇಲೆ ಹದಿನಾಲ್ಕು ತಿಂಗಳು. ಮರದ ಚೌಕಟ್ಟಿನ ಮನೆಗಳನ್ನು ಬೇರೆ ಜನ ಬಂದು ಯಂತ್ರದಲ್ಲಿ ನಿಲ್ಲಿಸಿ ಹೋದರು. ಪಾಯದ ಮೇಲಿನ ಕಲ್ಲು, ಜಗಲಿ, ಗುಡಿ, ಗೋಡೆ, ಬೀದಿಗೆ ಹಾಸಿದ ಚಪ್ಪಡಿ ಇವರ ಕೈಯದು. ಮೊಳಕೋಲು ಹಿಡಿದು ಅಳೆಯುವುದು, ಉಳಿ ಹಿಡಿದು ಕೆತ್ತುವುದು. ಹಿಮ ಬಿದ್ದ ದಿನ ಕಲ್ಲಿಗೆ ಕೈ ಅಂಟಿಕೊಂಡರೆ ಬಿಸಿನೀರು ಹೊಯ್ದು ಬಿಡಿಸಿಕೊಳ್ಳುತ್ತಿದ್ದರು. ಒಂಬತ್ತು ಮಂದಿಯೂ ಮಲಗುತ್ತಿದ್ದದ್ದು ಕ್ಲಬ್‌ಹೌಸಿನ ಬೇಸ್‌ಮೆಂಟಿನಲ್ಲಿ. ಒಂಬತ್ತು ಪಾಸ್‌ಪೋರ್ಟೂ ಅದರ ಮೇಲಿನ ಮಹಡಿಯ ಬೀರುವಿನಲ್ಲಿದ್ದವು. ಕೀಲಿ ಪ್ರಭಾಕರನ ಕಾರಿನ ಕೀಗೊಂಚಲಿನಲ್ಲಿ, ಹಳದಿ ಟೋಪಿಯದು.

ಕಮಲವ್ವ ಒಮ್ಮೆ ಧೈರ್ಯ ಮಾಡಿ ಕೇಳಿದ್ದಳು. “ಯಪ್ಪಾ, ಮೂರು ತಿಂಗಳಾ ಅಂದಿದ್ರಿ. ಎದಿ ಹಿಡೀತೈತಿ. ನಮ್ಮ ಪಾಸ್‌ಪೋರ್ಟ ಕೊಡ್ರಿ, ಊರಿಗೆ ಹೊಕ್ಕೀನಿ.”

“ನಿಮ್ ಸೇಫ್ಟಿಗೇ ಇಟ್ಟಿರೋದಮ್ಮ,” ಎಂದಿದ್ದ ಪ್ರಭಾಕರ. “ಕಳ್ಕೊಂಡ್ರೆ ಗೊತ್ತಾ? ನಿಮ್ನ ಡಿಟೇನ್ ಮಾಡ್ತಾರೆ. ನಾನಿದೀನಲ್ಲ, ವೈ ವರಿ?”

ಗೃಹಪ್ರವೇಶಕ್ಕೆ ಹತ್ತು ದಿನವಿದೆ ಎನ್ನುವಾಗ ಬದರಿ ಜೋಯಿಸರು ಖುದ್ದಾಗಿ ಬಂದರು. ದಪ್ಪ ಜಾಕೆಟ್ಟಿನ ಮೇಲೆ ಶಲ್ಯ, ಉಣ್ಣೆಟೋಪಿಯ ಕೆಳಗೆ ಶಿಖೆ. ಗುಡಿಯ ಮುಂದೆ ಯಜಮಾನನ ಮೊಳವನ್ನು ಕಲ್ಲಿನಲ್ಲಿ ಕೆತ್ತಿಸಬೇಕೆಂದು ಪ್ರಭಾಕರನ ಕೈ ಹಿಡಿದು ಮೊಳಕೋಲಿಗೆ ಆನಿಸಿದರು. ಪ್ರಭಾಕರನ ಬೆರಳುಗಳು ಕೋಲು ದಾಟಿ ಗಾಳಿಯಲ್ಲಿ ಆಡಿದವು. ಎರಡು ಇಂಚಿಗೂ ಹೆಚ್ಚು.

“ಇದು ಯಾರ ಕೈ?” ಎಂದರು ಜೋಯಿಸರು.

ಅಮರೇಶ್ವರ ಹುಲಿಗೆವ್ವನ ಕಡೆ ಗದ್ದ ಎತ್ತಿದ. “ಆಕೀದ್ರಿ. ಸಾಹೇಬ್ರಽ ಹೇಳಿದ್ರು, ಯಾರದಾದ್ರೂ ತಗೋ ಅಂತ.”

ಜೋಯಿಸರು ಮೆಟ್ಟಿಲ ಮೇಲೆ ಕೂತುಬಿಟ್ಟರು. “ಕೆಟ್ಟಿತಲ್ಲಯ್ಯಾ ಪ್ರಭಾಕರ. ಮೊಳ ಯಾರದೋ ಊರು ಅವರದು. ನೀನು ಮಾಡಿಸಿದ ವಾಸ್ತುಹೋಮ, ಶಂಕುಸ್ಥಾಪನೆ, ಅಷ್ಟೂ ಹೋಗಿ ಸೇರಿದ್ದು ಆ ಒಡ್ಡರ ಹೆಣ್ಣಿಗೆ.”

“ಏನ್ ಜೋಯಿಸ್ರೇ! ಬರೀ ಎರಡು ಇಂಚಿನ ಪ್ರಶ್ನೆ!”

“ಇಂಚಿನ ಪ್ರಶ್ನೆ ಅಲ್ಲಪ್ಪಾ. ಕುಲದ ಪ್ರಶ್ನೆ.”

ಅಂದು ಸಂಜೆಯೊಳಗೆ ಹನ್ನೆರಡು ಮನೆಗಳಿಗೆ ಹಣ ಕಟ್ಟಿದ್ದವರಿಗೆಲ್ಲ ಸುದ್ದಿ ಮುಟ್ಟಿತು. ಮುಟ್ಟಿದ್ದೇ ತಡ, ಎಲ್ಲರಿಗೂ ತಮ್ಮ ತಮ್ಮ ಕಷ್ಟದ ಮೂಲ ಸಿಕ್ಕಿತು. ಒಬ್ಬರ ಗ್ರೀನ್ ಕಾರ್ಡ್ ನಿಂತದ್ದು ಆ ಕೈಯಿಂದ. ಇನ್ನೊಬ್ಬರ ಮಗ ಮೆಡಿಕಲ್ ಬಿಟ್ಟು ಸ್ಟ್ಯಾಂಡಪ್ ಕಾಮಿಡಿಗೆ ಹೋದದ್ದು ಆ ಕೈಯಿಂದ. ಅವರಲ್ಲೇ ಸೌಜನ್ಯಾ ಎಂಬಾಕೆ, ಮನೆಸಾಲದ ಬಡ್ಡಿದರ ಇಡೀ ದೇಶದಲ್ಲಿ ಏರಿದ್ದೂ ಅದರಿಂದಲೇ ಎಂದು ಅತ್ತಳು. ಅವರೆಲ್ಲ ಕ್ಲಬ್‌ಹೌಸಿನಲ್ಲಿ ಸಭೆ ಸೇರಿ ಕೂಗಾಡುವುದು ಕೆಳಗಿನ ಬೇಸ್‌ಮೆಂಟಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಹುಲಿಗೆವ್ವ ತನ್ನ ಬಲಗೈಯನ್ನು ದೀಪದ ಬೆಳಕಿಗೆ ಹಿಡಿದು ನೋಡಿಕೊಂಡಳು. ಮೊಣಕೈ ಹತ್ತಿರ ಸುಣ್ಣ ಸುಟ್ಟ ಕಲೆ, ಬೆರಳ ತುದಿಗೆ ಒಡಕು. ಇಷ್ಟೆಲ್ಲ ಮಾಡುವ ಕೈಯಂತೆ ಕಾಣಲಿಲ್ಲ.

“ಎಲ್ಲಾ ಕಿತ್ತು ಹೊಸದಾಗಿ ಕಟ್ಟೋಣ್ವಾ?” ಎಂದು ಮೇಲೆ ಯಾರೋ ಕೇಳಿದರು.

“ಟೌನ್‌ಶಿಪ್ಪು ಬಿಡಲ್ಲ,” ಎಂದ ವಕೀಲ ವಿಜಯ್. “ಅಪ್ರೂವ್ ಆಗಿರೋದೇ ಆ ಮೆಷರ್‌ಮೆಂಟು. ಒಂದು ಇಂಚು ಆಚೀಚೆ ಆದ್ರೂ ಮತ್ತೆ ಬೋರ್ಡ್ ಮುಂದೆ ಹೋಗ್ಬೇಕು. ವೇದಿಕ್ ಮಾಡ್ಯೂಲು ಅಂತ ಗೋಡೆಗೆ ಹಾಕೋಕೆ ಪ್ಲಾಕ್ ಬೇರೆ ಕೊಟ್ಟಿದಾರೆ.”

ಕೊನೆಗೆ ಜೋಯಿಸರೇ ದಾರಿ ತೋರಿಸಿದರು. ಅವಳದಾದದ್ದನ್ನು ಅವಳೇ ದಾನ ಮಾಡಬೇಕು. ಹನ್ನೆರಡು ದಂಪತಿಗಳ ಕೈಗೆ ಧಾರೆ ಎರೆದು, ಕೊಟ್ಟೆ ಎನ್ನಬೇಕು. ಆದರೆ ಕೊಡಲಿಕ್ಕೆ ಮೊದಲು ಅವಳದಾಗಿರಬೇಕಲ್ಲ? ಜಮೀನು, ಮನೆಗಳು ಇನ್ನೂ ಪ್ರಭಾಕರನ ಕಂಪನಿಯ ಹೆಸರಿನಲ್ಲಿದ್ದವು.

“ಸುಮ್ನೆ ಒಂದು ಪೇಪರ್ ತೋರ್ಸಿದ್ರೆ ಸಾಕಲ್ವಾ?” ಎಂದ ಪ್ರಭಾಕರ.

“ದೇವರಿಗೆ ಡ್ರಾಫ್ಟ್ ಕಾಪಿ ತೋರ್ಸೋಕಾಗುತ್ತೇನಯ್ಯಾ? ರಿಜಿಸ್ಟರ್ ಆಗಬೇಕು. ಮುಹೂರ್ತ ನಲವತ್ತು ನಿಮಿಷ. ನಲವತ್ತು ನಿಮಿಷ ಅವಳೇ ಯಜಮಾನಿ. ಆಮೇಲೆ ನೀನೇ.”

“ಜಸ್ಟ್ ಫಾರ್ಟಿ ಮಿನಿಟ್ಸ್,” ಎಂದು ವಿಜಯ್ ಸಮಾಧಾನ ಹೇಳಿದ. “ಎರಡು ಡೀಡ್ ರೆಡಿ ಮಾಡ್ತೀನಿ. ಒಂದು ಅವಳಿಗೆ, ಒಂದು ಅವಳಿಂದ ವಾಪಸ್.”

ಸಭೆ ಮುಗಿದ ಮೇಲೆ ಪ್ರಭಾಕರನೂ ಅಮರೇಶ್ವರನೂ ಮೆಟ್ಟಿಲ ಬಳಿ ನಿಂತು ಮಾತಾಡಿಕೊಂಡದ್ದನ್ನು ಹುಲಿಗೆವ್ವ ಒಬ್ಬಳೇ ಕೇಳಿಸಿಕೊಂಡಳು. ಪೂಜೆ ಮುಗಿದ ಮಧ್ಯಾಹ್ನ ಮೂರಕ್ಕೆ ವ್ಯಾನ್ ಬರುತ್ತದೆ. ಒಂಬತ್ತೂ ಮಂದಿಯನ್ನು ರಾಬಿನ್ಸ್‌ವಿಲ್ ಕಡೆ ಗೋದಾಮು ಕಟ್ಟಿಸುವ ಇನ್ನೊಬ್ಬನಿಗೆ ಒಪ್ಪಿಸುವುದು. ಪಾಸ್‌ಪೋರ್ಟುಗಳೂ ಜೊತೆಗೇ, ಕವರಿನಲ್ಲಿ, ಅವನ ಕೈಗೆ.

ಅವಳು ಯಾರಿಗೂ ಹೇಳಲಿಲ್ಲ. ಕಮಲವ್ವನ ಎದೆಗೆ ಎಣ್ಣೆ ತಿಕ್ಕುತ್ತ ಕೂತಳು.

ಗೃಹಪ್ರವೇಶದ ದಿನ ಬೆಳಿಗ್ಗೆ ಪ್ರಭಾಕರನ ಹೆಂಡತಿ ಸುಧಾಮಣಿ ಒಂದು ರೇಷ್ಮೆ ಸೀರೆ ತಂದು ತುದಿಬೆರಳಿನಿಂದ ಚಾಚಿದಳು. “ಉಟ್ಕೊಳಮ್ಮ. ಆಮೇಲೆ ನೀನೇ ಇಟ್ಕೊ. ನಾವೇನು ಮತ್ತೆ ಉಡೋಕಾಗಲ್ವಲ್ಲ.” ಹೋಗುತ್ತ ತಿರುಗಿ, “ಏನನ್ನೂ ಮುಟ್ಟಬೇಡ ಆಯ್ತಾ, ನೀನೇ ಯಜಮಾನಿ,” ಎಂದಳು.

ಗುಡಿಯ ಮುಂದೆ ಹನ್ನೆರಡು ದಂಪತಿಗಳು ಪಂಚೆ, ಪಟ್ಟೆಸೀರೆಗಳಲ್ಲಿ ನಡುಗುತ್ತ ನಿಂತಿದ್ದರು. ಜೋಯಿಸರು ಹುಲಿಗೆವ್ವನ ಬೆರಳಿಗೆ ದರ್ಭೆಯ ಉಂಗುರವನ್ನು ಒಂದು ಗೇಣು ಮೇಲಿನಿಂದ ಬೀಳಿಸಿದರು. ಅದು ಗುರಿ ತಪ್ಪಿ ಮೂರು ಸಲ ಕೆಳಗೆ ಬಿತ್ತು. ನಾಲ್ಕನೆಯ ಸಲ ಅವಳೇ ಎತ್ತಿ ಹಾಕಿಕೊಂಡಳು. ವಿಜಯ್ ಮೊದಲ ಡೀಡಿಗೆ ಅವಳ ಹೆಸರು ಸೇರಿಸಿ, ಪ್ರಭಾಕರನ ಸಹಿ ಹಾಕಿಸಿ, ನೋಟರಿಯ ಮುದ್ರೆ ಒತ್ತಿಸಿ, ಫೋನಿನಲ್ಲಿ ಅಲ್ಲಿಂದಲೇ ಕೌಂಟಿಯ ನೋಂದಣಿ ಕಚೇರಿಗೆ ಕಳಿಸಿದ. ಫೋನು ಟಿಂಗ್ ಎಂದಿತು.

“ರೆಕಾರ್ಡೆಡ್,” ಎಂದು ಆ ಡೀಡನ್ನು ಅವಳ ಸೆರಗಿಗೆ ಹಾಕಿದ; ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಜೋಯಿಸರು ಗಡಿಯಾರ ನೋಡಿ ಮಂತ್ರ ಶುರು ಮಾಡಿದರು.

ಮಂತ್ರ ಮುಗಿಯಿತು. ತಾಮ್ರದ ತಂಬಿಗೆ ಅವಳ ಕೈಗೆ ಬಂತು. ಪ್ರಭಾಕರ ಮತ್ತು ಸುಧಾಮಣಿ ಮುಂದೆ ಬಂದು, ಅವಳ ಎದುರು ಬಾಗಿ, ಬೊಗಸೆ ಒಡ್ಡಿದರು. ಹುಟ್ಟಿದ ಮೇಲೆ ಯಾರೂ ಅವಳ ಮುಂದೆ ಬೊಗಸೆ ಒಡ್ಡಿರಲಿಲ್ಲ. ಆ ಕೈಗಳು ಎಷ್ಟು ಮೆತ್ತಗಿವೆ ಎಂದು ಅವಳು ನೋಡಿದಳು.

“ಹಾಕಮ್ಮ. ಕೊಟ್ಟೆ ಅನ್ನು,” ಎಂದರು ಜೋಯಿಸರು.

ಹುಲಿಗೆವ್ವ ನೆಲ ನೋಡುತ್ತ ಏನೋ ಅಂದಳು. ಯಾರಿಗೂ ಕೇಳಲಿಲ್ಲ.

“ಜೋರಾಗಿ ಅನ್ನು!”

“ಮೊದ್ಲ ನಮ್ಮ ಪಾಸ್‌ಪೋರ್ಟ ತರ್ರಿ. ಒಂಬತ್ತು.”

ಗಂಟೆ ಬಾರಿಸುತ್ತಿದ್ದವನ ಕೈ ನಿಂತಿತು. ಅಮರೇಶ್ವರ ಹಿಂದಿನಿಂದ ಹಲ್ಲು ಕಡಿದ: “ಏ ಬೋಸುಡಿ, ಕಪಾಳ ಹರೀತೀನಿ ನೋಡು.”

“ಶ್! ಯಜಮಾನಿಗೆ ಹಾಗನ್ನಬಾರದು,” ಎಂದು ಜೋಯಿಸರು ಗಾಬರಿಯಾದರು. “ಇನ್ನು ಹನ್ನೊಂದು ನಿಮಿಷ ಇದೆ. ಮುಂದಿನ ಮುಹೂರ್ತ ಇರೋದು ಎಂಟು ತಿಂಗಳಿಗೆ. ಕೊಟ್ಟುಬಿಡು ಪ್ರಭಾಕರ.”

“ದಿಸ್ ಈಸ್ ಬ್ಲ್ಯಾಕ್‌ಮೇಲ್!” ಎಂದು ಕೂಗುತ್ತ ಪ್ರಭಾಕರ ಪಂಚೆ ಎತ್ತಿಕೊಂಡು ಕ್ಲಬ್‌ಹೌಸಿಗೆ ಓಡಿದ. ಬರುವಾಗ ಕೈಯಲ್ಲಿ ಕವರು. ಹುಲಿಗೆವ್ವ ತಂಬಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಒಂದೊಂದೇ ಪಾಸ್‌ಪೋರ್ಟು ತೆಗೆದು, ಚಿತ್ರ ನೋಡಿ, ಅವರವರ ಕೈಗೆ ಕೊಟ್ಟಳು. ಕಮಲವ್ವ ತನ್ನದನ್ನು ಕುಪ್ಪಸದೊಳಗೆ ಇಟ್ಟುಕೊಂಡು ಮೇಲಿನಿಂದ ಒತ್ತಿ ಹಿಡಿದಳು. ತನ್ನದನ್ನು ಹುಲಿಗೆವ್ವ ಬಿಚ್ಚಿ, ವೀಸಾದ ಕೆಳಗಿನ ಅಂಕಿಗಳ ಮೇಲೆ ಬೆರಳಾಡಿಸಿದಳು. ಅಂಕಿ ಓದಲಿಕ್ಕೆ ಆರನೆಯ ಇಯತ್ತೆ ಸಾಕು.

“ಇದು ಮುಗದು ವರ್ಷಾತಲ್ರೀ.”

“ಗೊತ್ತು, ಗೊತ್ತು. ರಿನ್ಯೂ ಮಾಡ್ಸಿಲ್ಲ. ಅದಕ್ಕೇ ಹೇಳಿದ್ದು, ನನ್ ಬಿಟ್ರೆ ನಿಮಗೆ ಯಾರೂ ಇಲ್ಲ ಇಲ್ಲಿ,” ಎಂದ ಪ್ರಭಾಕರ, ಮತ್ತೆ ಬೊಗಸೆ ಒಡ್ಡುತ್ತ. “ಬೇಗ ಹಾಕು. ಗೇಟಿಂದಾಚೆ ಕಾಲಿಟ್ರೆ ಹಿಡ್ಕೊಂಡು ಹೋಗ್ತಾರೆ ನಿಮ್ನ. ಎಲ್ಲಿಗೆ ಹೋಗ್ತೀಯ?”

ಹುಲಿಗೆವ್ವ ತಂಬಿಗೆ ಎತ್ತಿದಳು. ಹನ್ನೆರಡು ಜೋಡಿ ಬೊಗಸೆಗಳೂ ಒಟ್ಟಿಗೆ ಮೇಲೆದ್ದವು. ಅವಳು ತಂಬಿಗೆಯನ್ನು ತನ್ನ ಬಾಯಿಗೆ ಹಿಡಿದು, ಕತ್ತು ಹಿಂದಕ್ಕೆ ಚೆಲ್ಲಿ, ಗಟಗಟ ಕುಡಿದಳು. ಕುಡಿದು ಮುಗಿಸಿ, ತುಳಸಿಯ ಎಲೆಯೊಂದನ್ನು ತುಟಿಯಿಂದ ತೆಗೆದು ಹಾಕಿ, ಖಾಲಿ ತಂಬಿಗೆಯನ್ನು ಚಪ್ಪಡಿಯ ಮೇಲೆ ಬೋರಲು ಇಟ್ಟಳು.

“ಎಲ್ಲಿಗ್ಯಾಕ ಹೋಗ್ಲಿ?” ಎಂದಳು. “ಊರು ನಂದಽ ಐತಿ.”

ಸುಧಾಮಣಿ ಬೊಗಸೆ ಹಾಗೆಯೇ ಹಿಡಿದುಕೊಂಡಿದ್ದಳು. “ಬೇರೆ ನೀರು ತನ್ನಿ! ಮಿನರಲ್ ವಾಟರ್ ಆದ್ರೂ ಪರ್ವಾಗಿಲ್ಲ!” ಎಂದು ಯಾರೋ ಕಿರುಚಿದರು. ಜೋಯಿಸರು ಗಡಿಯಾರವನ್ನು ಶಲ್ಯದಿಂದ ಮುಚ್ಚಿದರು. ಮುಹೂರ್ತ ಕಳೆದಿತ್ತು. ಪ್ರಭಾಕರ ಎರಡನೆಯ ಡೀಡನ್ನೂ ಪೆನ್ನನ್ನೂ ಅವಳ ಮೂಗಿನ ಮುಂದೆ ಹಿಡಿದು, “ಸೈನ್ ಮಾಡು! ಸೈನ್ ಮಾಡೇ ಮುಂಡೇ!” ಎಂದು ಅರಚಿದ. ಅವಳು ಕೈಗಳೆರಡನ್ನೂ ಸೆರಗಿನೊಳಗೆ ಸೇರಿಸಿಕೊಂಡಳು. ಅಮರೇಶ್ವರ ಹೊಡೆಯಲು ಮುಂದೆ ಬಂದ. ಎಂಟು ಮಂದಿ ಅವನ ದಾರಿಗೆ ಅಡ್ಡ ಬಂದು ನಿಂತರು. ಕಲ್ಲು ಎತ್ತುವಾಗ ನಿಲ್ಲುವ ಹಾಗೆ, ಕಾಲು ಅಗಲಿಸಿ.

“ಪೊಲೀಸ್ ಕರೀತೀನಿ!” ಎಂದ ಪ್ರಭಾಕರ. ವಿಜಯ್ ಬೇಡ ಬೇಡ ಎನ್ನುತ್ತಿದ್ದಂತೆಯೇ ಕರೆದೂಬಿಟ್ಟ: ನಮ್ಮ ಜಾಗಕ್ಕೆ ಯಾರೋ ನುಗ್ಗಿದ್ದಾರೆ, ಬೇಗ ಬನ್ನಿ.

ಆರು ನಿಮಿಷಕ್ಕೆ ಬಂದರು. ಇಪ್ಪತ್ತು ಮೊಳದ ಬೀದಿಯಲ್ಲಿ ಕಾರು ಸಲೀಸಾಗಿ ತಿರುಗಿ ನಿಂತಿತು. ಎತ್ತರದ ಅಧಿಕಾರಿಯೊಬ್ಬ ಇಳಿದು, ರೇಷ್ಮೆಯಲ್ಲಿ ನಡುಗುತ್ತಿರುವವರನ್ನೂ, ಸಿಮೆಂಟು ಮೆತ್ತಿದ ಬೂಟಿನವರನ್ನೂ, ಹೊಗೆಯಾಡುವ ಹೋಮಕುಂಡವನ್ನೂ ನೋಡಿ, ಟೋಪಿ ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದ: ಇಲ್ಲಿ ಓನರ್ ಯಾರು?

ಪ್ರಭಾಕರ ಬಾಯಿ ತೆರೆದ. ವಿಜಯ್ ಅವನ ತೋಳು ಜಗ್ಗಿ, “ಡೋಂಟ್. ರೆಕಾರ್ಡ್ ಆಗಿದೆ. ಸುಳ್ಳು ಹೇಳಿದ್ರೆ ಅದು ಬೇರೆ ಕೇಸು,” ಎಂದ. ಇಪ್ಪತ್ತನಾಲ್ಕು ಮಂದಿ ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡರು.

ಪ್ರಭಾಕರನ ಎಂಟು ವರ್ಷದ ಮಗಳು ನಿಧಿ ಲಂಗ ಎತ್ತಿ ಹಿಡಿದು ಮುಂದೆ ಬಂದು ಬೆರಳು ತೋರಿಸಿದಳು. “ಶೀ ಈಸ್.”

ಅಧಿಕಾರಿ ಪುಸ್ತಕ ಬಿಚ್ಚಿ, ಹೆಸರೂ ಗುರುತಿನ ಚೀಟಿಯೂ ಬೇಕೆಂದ. ಹುಲಿಗೆವ್ವ ಸೆರಗಿನೊಳಗಿನಿಂದ ಕೈಗಳೆರಡನ್ನೂ ಹೊರತೆಗೆದಳು. ಒಂದು ಕೈಯಲ್ಲಿ ಮುದ್ರೆ ಒತ್ತಿದ ಡೀಡು, ಇನ್ನೊಂದು ಕೈಯಲ್ಲಿ ಅವಧಿ ಮುಗಿದ ವೀಸಾದ ಪಾಸ್‌ಪೋರ್ಟು. ಅವಳು ಎಂಟು ಮಂದಿಯ ನಡುವಿನಿಂದ ಹೊರಗೆ ಬಂದು, ಎರಡನ್ನೂ ಒಟ್ಟಿಗೇ ಅವನ ಮುಂದೆ ಹಿಡಿದಳು.