ಹದಿನೇಳನೆಯ ಬಾವಿ

"ಹೊಡೆದದ್ದು ಯಾಕೆ, ಕೇಳು," ಎಂದ ಕ್ರೇಗ್.

ದುಭಾಷಿ ಕುವಾನಿಶ್ ಕೇಳಿದ. ಇಂಗ್ಲಿಷಿನಿಂದ ಕಜಕ್ ಭಾಷೆಗೆ ಬರುವಷ್ಟರಲ್ಲಿ ಪ್ರಶ್ನೆಯ ಗಡಸು ಕರಗಿ, ನೆಂಟರ ಮನೆಯಲ್ಲಿ ಕ್ಷೇಮಸಮಾಚಾರ ವಿಚಾರಿಸಿದ ಹಾಗಾಯಿತು. "ಯಾಕಣ್ಣ ಹೊಡೆದೆ?"

ಇಜ್ಬಸಾರ್ ಹದಿನಾಲ್ಕು ವರ್ಷ ಎಣ್ಣೆಬಾವಿಗೆ ಕೊಳವೆ ಇಳಿಸಿ ಎತ್ತಿದ ಕೈಗಳನ್ನು ಮೇಜಿನ ಮೇಲೆ ಹರಡಿ, ಅವು ಬೇರೆ ಯಾರವೋ ಎಂಬಂತೆ ನೋಡುತ್ತ ಕೂತಿದ್ದ. ಮೊನ್ನೆ ಊಟದ ಹಾಲ್‌ನಲ್ಲಿ ಇದೇ ಕೈಗಳು ದೊಡ್ಡ ಸ್ಪ್ಯಾನರ್ ಎತ್ತಿ ಮೇಸ್ತ್ರಿ ಗೆನ್ನಾದಿಯ ತಲೆಗೆ ಹೊಡೆದಿದ್ದವು. ಗೆನ್ನಾದಿಗೆ ಇನ್ನೂ ಎಚ್ಚರವಾಗಿರಲಿಲ್ಲ.

ಕೋಣೆಯಲ್ಲಿ ಐದು ಜನ. ಕಂಪನಿಯ ಭದ್ರತೆಯ ಮುಖ್ಯಸ್ಥ ಕ್ರೇಗ್. ಕಿಟಕಿಯ ಬಳಿ ಉಪವ್ಯವಸ್ಥಾಪಕ ಸಗಿಂಗಾಲಿ. ಬಾಗಿಲಲ್ಲಿ, ಹೇಳಿಕೆ ಮುಗಿದ ಕೂಡಲೇ ಆರೋಪಿಯನ್ನು ಕರೆದೊಯ್ಯಲು ಕರಾತುಜ್ ಪಟ್ಟಣದಿಂದ ಬಂದ ಪೊಲೀಸಿನವನು. ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆಯನ್ನು ಅಂಗೈಗೆ ಉಗುಳುತ್ತಿದ್ದ. ಐವರಲ್ಲಿ ಕಜಕ್ ಬಾರದವನು ಕ್ರೇಗ್ ಒಬ್ಬನೇ. ಪ್ರಶ್ನೆ ಕೇಳುತ್ತಿದ್ದವನೂ ಅವನೊಬ್ಬನೇ.

ಒಳಗೆ ಬರುವ ಮುಂಚೆ ಓಣಿಯಲ್ಲಿ ಸಗಿಂಗಾಲಿ ಕುವಾನಿಶ್‌ನ ತೋಳು ಹಿಡಿದು ನಿಲ್ಲಿಸಿದ್ದ. ಅವನು ಕುವಾನಿಶ್‌ನ ಹೆಂಡತಿಗೆ ಸೋದರಮಾವ. ಅಲ್ಮಾತಿಯಲ್ಲಿ ಭಾಷಾಶಾಸ್ತ್ರ ಓದಿ ಕೆಲಸವಿಲ್ಲದೆ ಕೂತಿದ್ದವನನ್ನು ಇಲ್ಲಿಗೆ ತಂದು ಸೇರಿಸಿದವನು.

"ಚಿಕ್ಕದಾಗಿ ಹೇಳಪ್ಪ," ಎಂದಿದ್ದ.

"ಅವನು ಉದ್ದ ಹೇಳಿದರೆ, ಮಾವ?"

"ನೀನು ಚಿಕ್ಕದು ಮಾಡು. ಬಾವಿ ಹತ್ರ ಸಾವಾಯ್ತು ಅಂತ ಕಾಗದಕ್ಕೆ ಬಂದರೆ ಇಡೀ ಎಣ್ಣೆ ಬಯಲಿಗೇ ಬೀಗ. ಆರುನೂರು ಜನ. ಅವರ ಮನೆ ಒಲೆ ನೀನು ಹಚ್ಚುತೀಯಾ? ಸತ್ತವನಂತೂ ಎದ್ದು ಬರಲ್ಲ."

ಬೇಡವೆಂದು ಕುವಾನಿಶ್ ಹೇಳಲಿಲ್ಲ. ಆಗಲಿ ಎಂದೂ ಹೇಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡ. ಮಾವ ಅದನ್ನು ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡ.

"ನಮ್ಮ ಪಾಳಿಯ ಒರಿನ್‌ಬಾಯ್ ಕುಡಿದು ಸತ್ತದ್ದಲ್ಲ," ಎಂದು ಇಜ್ಬಸಾರ್ ಶುರುಮಾಡಿದ. "ಹದಿನೇಳನೇ ಬಾವಿ ಹತ್ರ ಗ್ಯಾಸ್ ಬಡಿದು ಸತ್ತ. ಹಿಂದಿನ ದಿನದಿಂದ ಅಲಾರಂ ಹೊಡ್ಕೊಳ್ತಾನೇ ಇತ್ತು. ಕೆಲಸ ನಿಲ್ಲುತ್ತೆ ಅಂತ ಗೆನ್ನಾದಿ ವೈರು ಕಿತ್ತುಹಾಕಿದ. ಬಿದ್ದ ಮೇಲೆ ನಾಲ್ಕು ಜನರ ಕೈಲಿ ಹೊರಿಸಿ ಹಾಸ್ಟೆಲಿಗೆ ತಂದ. ಮಂಚದ ಮೇಲೆ ಮಲಗಿಸಿ ಬಾಯಿಗೆ, ಅಂಗಿಗೆ ವೋಡ್ಕಾ ಸುರಿದ. ಅವನು ಜನ್ಮದಲ್ಲಿ ಕುಡಿದವನಲ್ಲ ತಮ್ಮಾ. ನಮಾಜು ಬಿಟ್ಟವನಲ್ಲ. ಕಾಲು ಹಿಡ್ಕೊಂಡಿದ್ದು ನಾನು. ಒಂದು ಬೂಟು ದಾರೀಲಿ ಕಳಚಿ ಬಿತ್ತು, ಅದನ್ನೂ ಹೋಗಿ ತಂದು ಹಾಕಿದೆ."

ಪೊಲೀಸಿನವನ ದವಡೆ ನಿಂತಿತು. ಸಗಿಂಗಾಲಿ ಕಿಟಕಿಯಾಚೆ, ಉಪ್ಪಿನ ಬಯಲಿನಲ್ಲಿ ಎದ್ದ ಧೂಳನ್ನು ನೋಡುತ್ತಿದ್ದ.

"ನಾನು ಸುಮ್ಮನಿದ್ದೆ. ಇಲ್ಲ ಅನ್ನಲ್ಲ. ಮೊನ್ನೆ ಊಟಕ್ಕೆ ಕೂತಾಗ ಗೆನ್ನಾದಿ ಎಲ್ಲರಿಗೂ ಕೇಳೋ ಹಾಗೆ, 'ನೋಡ್ಕೊಳ್ಳಿ, ಕುಡುಕರ ಗತಿ ಇದೇ' ಅಂದ. ಅವಾಗ ಎದ್ದೆ. ಅಷ್ಟೆ. ಇದನ್ನೆಲ್ಲ ಹೇಳು. ಒಂದೂ ಬಿಡಬೇಡ."

ಕ್ರೇಗ್ ಪೆನ್ನು ಹಿಡಿದು ಕಾಯುತ್ತಿದ್ದ.

ದುಭಾಷಿಯ ಮೊದಲ ನಿಯಮ: 'ಅವನು ಹೇಳುತ್ತಾನೆ' ಎನ್ನಬಾರದು, 'ನಾನು' ಎನ್ನಬೇಕು. ಆರು ವರ್ಷಗಳಿಂದ ಕುವಾನಿಶ್ ಅನ್ಯರ 'ನಾನು'ಗಳನ್ನೇ ಆಡಿದ್ದ. ನಾನು ರಾಜೀನಾಮೆ ಕೊಡುತ್ತೇನೆ. ನನಗೆ ಈ ಪಂಪು ಬೇಡ. ನನ್ನ ಹೆಂಡತಿ ಹೆರಿಗೆಗೆ ಹೋಗಿದ್ದಾಳೆ, ರಜೆ ಬೇಕು. ಸಂಜೆ ಮನೆಯಲ್ಲಿ ಕೂತರೆ ತನ್ನ ಪಾಲಿಗೆ ಒಂದು ವಾಕ್ಯವೂ ಉಳಿದಿರುತ್ತಿರಲಿಲ್ಲ. ಅವನ ಹೆಂಡತಿ ಟೀವಿಯ ಸದ್ದು ಜೋರು ಮಾಡುತ್ತಿದ್ದಳು.

"ನಾನು ಕುಡಿದಿದ್ದೆ," ಎಂದ ಕುವಾನಿಶ್ ಇಂಗ್ಲಿಷಿನಲ್ಲಿ. ದನಿ ನಡುಗಲಿಲ್ಲ. ನಡುಗುತ್ತದೆಂದು ಅವನು ಕಾದಿದ್ದ. "ಮಾತಿಗೆ ಮಾತು ಬೆಳೆಯಿತು. ನಾನು ಹೊಡೆದೆ."

ಕ್ರೇಗ್ ತಲೆಯೆತ್ತಿದ. "ಇಷ್ಟೇನಾ? ಅಷ್ಟು ಹೊತ್ತು ಮಾತಾಡಿದನಲ್ಲ?"

"ಉಳಿದದ್ದು ಬಯ್ಗುಳ. ಇಂಗ್ಲಿಷಿಗೆ ಬರುವುದಿಲ್ಲ."

ಕ್ರೇಗ್‌ನ ನೀಲಿ ಕಣ್ಣು ಒಂದು ಗಳಿಗೆ ಅವನ ಮೇಲೆ ನಿಂತಿತು. ಇವನಿಗೂ ಎಲ್ಲ ಗೊತ್ತಿದೆ ಎಂದು ಕುವಾನಿಶ್‌ಗೆ ಥಟ್ಟನೆ ಅನಿಸಿತು. ಗೊತ್ತಿದ್ದರೆ ಅವನನ್ನು ನಂಬಿಸಬೇಕಾಗಿಯೇ ಇರಲಿಲ್ಲ; ಬೇಕಿದ್ದದ್ದು ಸುಳ್ಳನ್ನು ಆಡುವ ಒಂದು ಬಾಯಿ ಮಾತ್ರ. ಕ್ರೇಗ್ ಮೂರು ಸಾಲು ಬರೆದು ಕಾಗದವನ್ನು ಈಚೆ ತಳ್ಳಿದ.

"ನೀನು ಬೇಗ ಮುಗಿಸಿಬಿಟ್ಟೆಯಲ್ಲ," ಎಂದ ಇಜ್ಬಸಾರ್.

"ಇಂಗ್ಲಿಷಿನಲ್ಲಿ ಕಡಿಮೆ ಮಾತು ಸಾಕು."

"ಒರಿನ್‌ಬಾಯ್ ಅಂತ ಕೇಳಿಸಲೇ ಇಲ್ಲ. ಹೆಸರಿಗೂ ಬೇರೆ ಇಂಗ್ಲಿಷ್ ಇದೆಯಾ?"

ಪೊಲೀಸಿನವನು ಕೆಮ್ಮಿದ. ಸಗಿಂಗಾಲಿ ಕಿಟಕಿಗೆ ಬೆನ್ನು ಮಾಡಿ ತಿರುಗಿದ. ಈಗ ಹೇಳಿಬಿಡಬಹುದು ಎಂದುಕೊಂಡ ಕುವಾನಿಶ್. ಆ ಹೆಸರೊಂದನ್ನು ಈ ಕೋಣೆಯಲ್ಲಿ ಇಂಗ್ಲಿಷಿನವನ ಕಡೆ ತಿರುಗಿ ಅಂದರೆ ಸಾಕು. ನಾಲಿಗೆ ಹಲ್ಲಿನ ಹಿಂದೆ ತಯಾರಾಗಿ ನಿಂತಿತು. ಅಲ್ಲೇ ನಿಂತಿತು.

"ಇವರು ಹೆಸರು ಬರೆಯಲ್ಲ," ಎಂದ. "'ಸಹೋದ್ಯೋಗಿ' ಅಂತ ಬರೀತಾರೆ."

ಇಜ್ಬಸಾರ್ ಅವನನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕುವಾನಿಶ್‌ಗೆ ಏನೋ ಒಂದು ಆಸರೆ ಸಿಗುತ್ತಿತ್ತು.

"ನನಗೆ ಓದಕ್ಕೆ ಬರಲ್ಲ ಇದು. ನೀನು ಓದಿದವನು. ರುಜು ಹಾಕ್ಲಾ?"

"ಹಾಕು."

"ನಿನ್ನ ಅಪ್ಪ ಯಾರು?"

"ಅಬಿಲ್‌ಗಾಜಿ. ಕುರಿ ಕಾಯುತ್ತಿದ್ದರು. ಈಗ ಇಲ್ಲ."

"ಕೇಳಿದ್ದೀನಿ. ಒಳ್ಳೆ ಮನುಷ್ಯ," ಎಂದು ಹೇಳಿ ಇಜ್ಬಸಾರ್ ಸಣ್ಣ ಮಕ್ಕಳಂತೆ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ರುಜು ಹಾಕಿದ. ಪೊಲೀಸಿನವನು ಬೀಜದ ಸಿಪ್ಪೆಯನ್ನು ಜೇಬಿಗೆ ಸುರಿದುಕೊಂಡು ಬೇಡಿ ಹೊರತೆಗೆದ.

ಊಟದ ಹಾಲ್‌ನಲ್ಲಿ ನೂಡಲ್ ಸಾರು, ಕುರಿಮಾಂಸ. ಕುವಾನಿಶ್ ಎರಡು ಸಲ ಹಾಕಿಸಿಕೊಂಡ. ಹಸಿವಿಗೆ ಅವನಿಗೇ ನಾಚಿಕೆಯಾಯಿತು. ಸಗಿಂಗಾಲಿ ತನ್ನ ತಟ್ಟೆಯ ದೊಡ್ಡ ತುಂಡನ್ನು ಎತ್ತಿ ಅವನ ತಟ್ಟೆಗೆ ಹಾಕಿದ. ಹಿರಿಯರು ಹಾಗೆ ಕೊಟ್ಟರೆ ಬೇಡವೆನ್ನುವ ಪದ್ಧತಿಯಿಲ್ಲ.

"ನಾಲ್ಕು ವರ್ಷ ಜೈಲು ಆಗಬಹುದು. ಎರಡರಲ್ಲಿ ಬಿಟ್ಟುಬಿಡ್ತಾರೆ," ಎಂದ ಮಾವ. "ತಿನ್ನು."

ತಿಂದ.

ಮೂರಕ್ಕೆ ಪಾಳಿ ಮುಗಿದವರನ್ನು ಕರಾತುಜ್‌ಗೆ ಒಯ್ಯುವ ಬಸ್ಸು ಹೊರಟಿತು. ಕುವಾನಿಶ್ ಹಿಂದಿನ ಸೀಟಿನಲ್ಲಿ ಕೂತ. ಪಕ್ಕದ ಜಾಗ ಖಾಲಿ ಉಳಿಯಿತು. ನಿಂತೇ ಇದ್ದವರೂ ಅಲ್ಲಿ ಕೂರಲಿಲ್ಲ. ಹೆಣ ಹೊತ್ತ ನಾಲ್ವರಲ್ಲಿ ಒಬ್ಬನಾದ ಬೆಸೆನ್ ಮುಂದಿನ ಸೀಟಿನಿಂದ ಕತ್ತು ತಿರುಗಿಸಿದ.

"ಏನಂದ ಇಜ್ಬಸಾರ್?"

"ನಿನಗೆ ಗೊತ್ತಿರೋದೇ."

"ನೀನೇನಂದೆ?"

ಕುವಾನಿಶ್ ಕನ್ನಡಕ ತೆಗೆದು ಒರೆಸಿಕೊಂಡ.

"ಹಂಗಾದರೆ ನಾವಿಬ್ಬರೂ ಒಂದೇ," ಎಂದ ಬೆಸೆನ್. "ನಾನು ತಲೆ ಕಡೆ ಹಿಡ್ಕೊಂಡಿದ್ದೆ."

ಹನ್ನೆರಡು ಕಿಲೋಮೀಟರ್ ದಾಟಿದ ಮೇಲೆ ಬಸ್ಸು ನಿಂತಿತು. ರಸ್ತೆ ಪಕ್ಕದಲ್ಲಿ ಹಳೆಯ ಬಾವಿಯ ಕೊಳಕು ಎಣ್ಣೆ ಬಿಟ್ಟ ಗುಂಡಿ. ಮೇಲೆ ಧೂಳು ಕೂತು, ನೋಡಿದವರಿಗೆ ಗಟ್ಟಿ ನೆಲದಂತೆಯೇ ಕಾಣುತ್ತಿತ್ತು. ಹೆಣ್ಣು ಒಂಟೆಯೊಂದು ಅದರ ನಡುವೆ ಹೊಟ್ಟೆಯವರೆಗೆ ಹೂತು ನಿಂತಿತ್ತು. ಅದರ ಒಡೆಯನಿರಬೇಕು, ದಡದಲ್ಲಿ ಒಬ್ಬ ಮುದುಕ ಹಗ್ಗ ಎಸೆಯುತ್ತಿದ್ದ. ಹಗ್ಗ ಕಪ್ಪಾಗಿ ಜಾರಿ ವಾಪಸು ಬರುತ್ತಿತ್ತು.

ಎಲ್ಲರೂ ಇಳಿದರು. ಕೆಲವರು ಹಲಗೆ ಹುಡುಕಿದರು. ಕೆಲವರು ಸಿಗರೇಟು ಹಚ್ಚಲು ಹೋಗಿ, ಎಣ್ಣೆ ನೆನಪಾಗಿ ಜೇಬಿಗಿಟ್ಟುಕೊಂಡರು. ನಾಲ್ಕು ಜನ ಸೇರಿ ಎಳೆದಾಗ ಒಂಟೆ ಇನ್ನೊಂದು ಗೇಣು ಇಳಿಯಿತು.

ಅದು ಅರಚಲಿಲ್ಲ. ಎಳೆದಾಗಲೆಲ್ಲ ಕತ್ತು ಚಾಚಿ ಬಾಯಿ ತೆರೆಯುತ್ತಿತ್ತು, ಅಷ್ಟೆ. ಹಳದಿ ಹಲ್ಲು, ಕಪ್ಪು ಮೆತ್ತಿದ ನಾಲಿಗೆ. ಸದ್ದಿಲ್ಲ.

"ಲೋ ದುಭಾಷಿ!" ಗುಂಪಿನಿಂದ ಯಾರೋ ಕೂಗಿದರು. "ಇಷ್ಟೊತ್ತಿಂದ ಏನೋ ಹೇಳ್ತಿದೆ ಪಾಪ. ಏನಂತೆ ಕೇಳೋ!"

ನಗು ಎದ್ದಿತು. ಬೆಸೆನ್ ನಗಲಿಲ್ಲ. ಮುದುಕ ಮಾತ್ರ, ಅದು ತಮಾಷೆಯೆಂದು ತಿಳಿಯದೆ, ಆಸೆಯಿಂದ ಕುವಾನಿಶ್‌ನ ಕಡೆ ತಿರುಗಿದ.

ಕುವಾನಿಶ್ ಗುಂಡಿಯ ಅಂಚಿಗೆ ಬಂದ. ಒಂಟೆ ಅವನನ್ನು ನೋಡಿ ಬಾಯಿ ತೆರೆಯಿತು. ಅವನೂ ತೆರೆದ.