ಅವ್ವ ಬೇಡವೆಂದ ಮರ

ನಮ್ಮವ್ವ ಸಾಯುವ ಮುಂಚೆ ಕೇಳಿಕೊಂಡದ್ದು ಒಂದೇ.

"ನನ್ನನ್ನ ಪೈನ್ ಪೆಟ್ಟಿಗೇಲಿ ಹಾಕಿ ಮಣ್ಣು ಮಾಡಬೇಡ್ರೋ. ನಮ್ಮ ತೊರೆ ಕುಡಿದ ಮರ ಅದು. ಸತ್ತ ಮೇಲೂ ಅದರ ಜೊತೆ ಮಲಗಲಾ?"

ಅವಳ ಸಿಟ್ಟು ಸುಳ್ಳಲ್ಲ. ಗುಡ್ಡದ ತುಂಬ ಕಂಪನಿಯ ಪೈನ್ ತೋಪು ಎದ್ದ ಮೇಲೆ ತೊರೆ ಬತ್ತಿತು. ಈಗ ನಮ್ಮ ಮಾಪುಚೆ ಬುಡಕಟ್ಟಿನ ಮನೆಗಳಿಗೆಲ್ಲ ಲಾರಿಯ ನೀರೇ ಗತಿ. ಹಿಂದೆ ಇಲ್ಲಿ ಕಾಡಾಗಿ ನಿಂತಿದ್ದ ಗಟ್ಟಿ ಕೋಯಮ್ ಮರ ಅವ್ವನ ಪೆಟ್ಟಿಗೆಗೆ ಬೇಕೆಂದು ಹುಡುಕಿದರೂ ಒಂದಿಲ್ಲ.

ಅವ್ವ ಕಣ್ಣು ಮುಚ್ಚಿದ ಮಧ್ಯಾಹ್ನವೇ ಎರಸ್ಮೋ ಅಣ್ಣ ಕಂಪನಿಯ ಗಾಡಿಯಲ್ಲಿ ಬಂದ. ಅವನು ಅಲ್ಲಿ ಮೇಸ್ತ್ರಿ. ಆ ಕೆಲಸದ ಆಸೆಗೆ ನಾಹುವೆಲ್ಪಾನ್ ಎಂಬ ಮನೆತನದ ಹೆಸರು ಬಿಟ್ಟು ಸ್ಪ್ಯಾನಿಷ್ ಹೆಸರಿನ ನವಾರೋ ಆದ ಮಹಾನುಭಾವ. ಗಾಡಿಯ ಹಿಂದೆ ಹಿತ್ತಾಳೆ ಹಿಡಿಕೆಯ, ಮಿರಿಮಿರಿ ಮಿಂಚುವ ಪೆಟ್ಟಿಗೆ. ಪೈನ್! ನನಗೆ ಮೈಯೆಲ್ಲ ಉರಿದುಹೋಯಿತು.

"ವಾಪಸ್ ತಗೊಂಡು ಹೋಗು."

"ಹುಚ್ಚಾಟ ಆಡಬೇಡ ಕ್ಲೋರಿಂಡಾ. ಸತ್ತೋರಿಗೆ ಯಾವ ಮರ ಆದ್ರೇನು?"

"ನಿಂಗೆ ಯಾವ ಹೆಸರಾದ್ರೂ ನಡೀತದೆ. ಅವ್ವಂಗೆ ಯಾವ ಮರ ಆದ್ರೂ ನಡೆಯಲ್ಲ, ನವಾರೋ ಸಾಹೇಬ್ರೇ!"

ಅವನು ಪೆಟ್ಟಿಗೆಯನ್ನು ಅಂಗಳದಲ್ಲಿ ಇಳಿಸಿ ಹೊರಟುಹೋದ.

ನಮ್ಮ ಕಿರಿಯ ತಮ್ಮ ಅನ್ಸೆಲ್ಮೋ ಬೇಲಿಯ ಕಡೆ ನೋಡುತ್ತಿದ್ದ. ಈಗ ಕಂಪನಿಯ ಬೇಲಿ, ಮೊದಲು ಜಮೀನ್ದಾರನದು. ಸರ್ಕಾರದ ಸೈನ್ಯ ಬಂದು ನಮ್ಮ ಈ ಗಡಿನಾಡನ್ನು ಗೆದ್ದ ಮೇಲೆ ಆ ಜಮೀನ್ದಾರ ನಮ್ಮ ಕೋಯಮ್ ಮರಗಳನ್ನೇ ಕಡಿಸಿ, ನಮ್ಮ ಮುತ್ತಜ್ಜನ ಕೈಯಲ್ಲೇ ಗುಂಡಿ ತೋಡಿಸಿ ಕಂಬ ನೆಡಿಸಿದ. ಇವತ್ತಿಗೂ ಒಂದಕ್ಕೂ ಹುಳ ಹಿಡಿದಿಲ್ಲ.

"ಅಕ್ಕಾ, ಕೋಯಮ್ ಎಲ್ಲಿ ಅಂತೀಯಲ್ಲ. ಅಲ್ಲೇ ಸಾಲಾಗಿ ನಿಂತಿದೆ, ನೋಡು."

ಮಾರನೆಯ ಬೆಳಿಗ್ಗೆ ಮಂಜಿನಲ್ಲಿ ಕಂಬ ಕಿತ್ತೆವು. ಹಗಲೆಲ್ಲ ಕೊಯ್ದು ಹಲಗೆ ಮಾಡಿದೆವು. ಒಳಗೆ ಮರ ಇನ್ನೂ ಕೆಂಪಗಿತ್ತು. ಮುಳ್ಳುತಂತಿ ಕೊರೆದ ಗೀರುಗಳನ್ನು ಒಳಮುಖ ಮಾಡಿ ಮೊಳೆ ಹೊಡೆದೆವು. ಒಂದು ಗೀರು ಮಾತ್ರ ಹೊರಗೇ ಉಳಿಯಿತು.

ಮಣ್ಣಿನ ದಿನ ಹಿರಿಯರಿಬ್ಬರು ಪೆಟ್ಟಿಗೆಯ ಎರಡೂ ಬದಿಗೆ ನಿಂತು ಅವ್ವನ ವಂಶ ಹೇಳುತ್ತಿದ್ದರು. ಯಾವ ತೊರೆಯವಳು, ಯಾರ ಮಗಳು, ಯಾರ ತಾಯಿ. "ಹಿರಿಯ ಮಗ ಎರಸ್ಮೋ ನಾಹುವೆಲ್ಪಾನ್" ಎನ್ನುವಷ್ಟರಲ್ಲಿ ಅವನೇ ಬಂದ, ಬೆನ್ನಿಗೆ ಕಂಬ ಕಳುವಿನ ದೂರು ಹಿಡಿದ ಪೊಲೀಸರು.

ಅಧಿಕಾರಿ ಟೋಪಿ ತೆಗೆದ. ಅವನಿಗೂ ಈ ಕೆಲಸ ಬೇಡವಾಗಿತ್ತು. "ಸರಿಯಾಗಿ ನೋಡಿ ಹೇಳಿ, ನವಾರೋ. ಹಳೇ ಮರ, ಎಲ್ಲಿದಾದ್ರೂ ಇರಬಹುದು."

ಅಣ್ಣನ ಕಣ್ಣು ಆ ಗೀರಿನ ಮೇಲೆ ನಿಂತಿತು. ಕಂಪನಿಯದಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಅವನ ಬಾಯನ್ನೇ ನೋಡುತ್ತಿದ್ದೆ.

"ಕಂಪನಿದೇ," ಅಂದ.

ಅವ್ವನನ್ನು ನಾವೇ ಎತ್ತಿ ನೆಲದ ಮೇಲೆ ಮಲಗಿಸಬೇಕಾಯಿತು. ಪೆಟ್ಟಿಗೆಯನ್ನೂ, ಕಂಬ ಕಿತ್ತದ್ದು ತಾನೊಬ್ಬನೇ ಎಂದ ಅನ್ಸೆಲ್ಮೋನನ್ನೂ ಜೀಪಿಗೆ ಹತ್ತಿಸಿದರು. "ಅಂಗಳದಲ್ಲಿ ಇನ್ನೊಂದು ಪೆಟ್ಟಿಗೆ ಇದೆಯಲ್ಲ," ಎಂದ ಅಣ್ಣ ಮೆಲ್ಲಗೆ. ಅವನ ಮುಖಕ್ಕೆ ಉಗಿದೆ. ಅವ್ವ ತಾನೇ ನೇಯ್ದ ಕಂಬಳಿಯಲ್ಲಿ ಅವಳನ್ನು ಸುತ್ತಿ ಮಣ್ಣು ಮಾಡಿದೆವು.

ನಾವು ಕಿತ್ತ ಜಾಗದಲ್ಲಿ ಬೇಲಿಗೆ ಈಗ ಪೈನ್ ಕಂಬ. ಹಿತ್ತಾಳೆ ಹಿಡಿಕೆಯ ಆ ಪೆಟ್ಟಿಗೆಯಲ್ಲಿ ನಾನು ಆಲೂಗಡ್ಡೆ ತುಂಬಿಟ್ಟಿದ್ದೇನೆ.

ಮೊನ್ನೆ ಎರಸ್ಮೋ ನಡೆದುಕೊಂಡು ಬಂದ. ಗಾಡಿಯಿಲ್ಲ, ಕೆಲಸವಿಲ್ಲ. ತೋಪಿಗೆ ಔಷಧಿ ಹೊಡೆದು ಹೊಡೆದು ಶ್ವಾಸಕೋಶ ಹೋಗಿದೆಯಂತೆ. ಹೊಸ್ತಿಲಲ್ಲೇ ಕುಸಿದು ಕೂತ. ಹುರಿದ ಗೋಧಿಹಿಟ್ಟು ಕಲಸಿದ ನೀರು ಕೊಟ್ಟೆ.

"ತಂಗೀ, ನಾನು ಸತ್ರೆ ಅವ್ವನ ಪಕ್ಕ ಮಲಗಿಸ್ತೀಯಾ? ನಾಹುವೆಲ್ಪಾನ್ ಅಂತ ಹೇಳಿಸ್ತೀಯಾ?"

ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಎಷ್ಟಾದರೂ ಒಡಹುಟ್ಟಿದವನು.

"ಹೆಸರು ಹೇಳಿಸ್ತೀನಿ. ಪೆಟ್ಟಿಗೇನೂ ಇದೆ, ನೀನೇ ತಂದದ್ದು. ಆದ್ರೆ ಪೈನ್ ಪಕ್ಕ ಅವ್ವ ಮಲಗಲ್ಲ, ಅಣ್ಣಾ."

ಅವನು ಆಲೂಗಡ್ಡೆಯ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದ.

"ಅವ್ವ ನೇಯ್ದ ಇನ್ನೊಂದು ಕಂಬಳಿ ಇತ್ತಲ್ಲ?"

"ಇದೆ," ಅಂದೆ. "ಅನ್ಸೆಲ್ಮೋ ಹೊದ್ಕೊಂಡಿದ್ದಾನೆ, ಜೈಲಲ್ಲಿ."